ಮನೆ ಬದಲಿಸುವ ಮುನ್ನ ಅಜ್ಜಿಯನ್ನೂ ಕೇಳಿ



ಕಳೆದ ವರ್ಷ ಪಾಸ್ಕ ಹಬ್ಬದ ಮರು ಭಾನುವಾರ ಎರಡನೇ ಪೂಜೆ ಮುಗಿಸಿ ಆಫೀಸಿಗೆ ಬಂದಾಗ ನಮ್ಮ ಒಂದು ವಾರ್ಡಿನ ಗಂಡ ಹೆಂಡತಿ ಬೆಂಚಿನ ಮೇಲೆ ಕಾದು ಕುಳಿತಿದ್ದರು. ಜ್ಞಾನಸ್ನಾನದ ಸರ್ಟಿಫಿಕೇಟಿಗೆ ಬಂದವರಲ್ಲ ಎಂದು ಮುಖ ನೋಡಿದಾಗಲೇ ತಿಳಿಯಿತು. ಗಂಡ ಕಿಸೆಯಿಂದ ಒಂದು ಹಾಳೆ ತೆಗೆದು ನನ್ನ ಮೇಜಿನ ಮೇಲೆ ಬಿಡಿಸಿಟ್ಟರು. ಮಗಳ ನೋಟ್ ಪುಸ್ತಕದಿಂದ ಹರಿದ ಹಾಳೆ. ಅದರಲ್ಲಿ ಗೆರೆ ಎಳೆದು ನಾಲ್ಕು ಊರುಗಳ ಹೆಸರು ಬರೆದಿದ್ದರು: ಹೊಸಂಗಡಿ, ಕೋಟೆಕಾರು, ತೊಕ್ಕೊಟ್ಟು, ದೇರಳಕಟ್ಟೆ. ಬದಿಯಲ್ಲಿ ಬಾಡಿಗೆ, ಕೆಲಸಕ್ಕೆ ದೂರ, ಶಾಲೆ, ಆಸ್ಪತ್ರೆ, ಚರ್ಚು. ಕೆಲವು ಚೌಕಗಳಲ್ಲಿ ಸರಿ ಗುರುತು, ಕೆಲವುಗಳಲ್ಲಿ ತಪ್ಪು, ಹಲವುಗಳಲ್ಲಿ ಪ್ರಶ್ನೆ ಚಿಹ್ನೆ.

“ಫಾದರ್, ನೀವು ಮಂಗಳೂರಿನಲ್ಲಿ ಓದಿದವರು. ಇದರಲ್ಲಿ ಯಾವುದು ಒಳ್ಳೆಯದು ಅಂತ ಹೇಳಿ, ನಾವು ಅಲ್ಲಿಗೆ ಹೋಗ್ತೇವೆ.”

ಈ ಪ್ರಶ್ನೆಯನ್ನು ನನ್ನಲ್ಲಿ ಕೇಳಬಾರದಿತ್ತು. ಮೊದಲನೆಯದಾಗಿ, ನಾವು ಗುರುಗಳು ಎಂದೂ ಊರು ಆರಿಸಿಕೊಂಡವರಲ್ಲ. ಬಿಷಪರ ಪತ್ರ ಬರುತ್ತದೆ, ಎರಡು ಪೆಟ್ಟಿಗೆ ಕಟ್ಟುತ್ತೇವೆ, ಹೊರಡುತ್ತೇವೆ. ಎರಡನೆಯದಾಗಿ, ಈ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ. ಕಾಸರಗೋಡಿನ ಒಳನಾಡಿನ ಚರ್ಚುಗಳಲ್ಲಿ ಸೇವೆ ಮಾಡುವ ಯಾವ ಗುರುವನ್ನು ಕೇಳಿದರೂ ಒಂದೇ ದುಃಖ: ವರ್ಷಕ್ಕೆ ನಾಲ್ಕು ಕುಟುಂಬ ಪುಸ್ತಕದಿಂದ ಹೋಗುತ್ತವೆ, ಒಂದು ಬರುತ್ತದೆ. ಹಾಡುವವರ ಬೆಂಚಿನಲ್ಲಿ ಎರಡು ಜಾಗ ಖಾಲಿ, ಧರ್ಮೋಪದೇಶದ ತರಗತಿಯಲ್ಲಿ ಮೂರು. ಹಾಗಾಗಿ “ಎಲ್ಲಿಗೂ ಹೋಗಬೇಡಿ” ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಯಾಕೆಂದರೆ ಅವರ ಕಷ್ಟ ನನಗೆ ಗೊತ್ತಿತ್ತು.

ಕುಂಬಳೆ–ಬದಿಯಡ್ಕ ರಸ್ತೆಯಿಂದ ಒಳಗೆ ಅವರ ಮನೆ. ಒಂದಿಷ್ಟು ಅಡಿಕೆ, ಒಂದು ಬಾವಿ, ನಾಲ್ಕು ಕೋಳಿ. ಗಂಡನಿಗೆ ಮಂಗಳೂರಿನ ಹಂಪನಕಟ್ಟೆ ಬಳಿ ಲೆಕ್ಕಪತ್ರದ ಕೆಲಸ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಹೆಂಡತಿ ದೇರಳಕಟ್ಟೆಯ ಆಸ್ಪತ್ರೆಯೊಂದರಲ್ಲಿ ನರ್ಸ್. ರಾತ್ರಿ ಪಾಳಿ ಇದ್ದ ವಾರ ಆಕೆ ಮನೆಗೇ ಬರುತ್ತಿರಲಿಲ್ಲ, ಹಾಸ್ಟೆಲಿನಲ್ಲಿ ಉಳಿಯುತ್ತಿದ್ದರು. ಮಗಳು ಐದನೇ ತರಗತಿ ಮುಗಿಸಿದ್ದಳು. ಮನೆಯಲ್ಲಿ ಎಪ್ಪತ್ತೆಂಟು ವರ್ಷದ ಅಜ್ಜಿ.

ಇನ್ನೊಂದು ಕಾರಣವೂ ಇತ್ತು, ಅದನ್ನು ಅವರು ಬಾಯಿ ಬಿಟ್ಟು ಹೇಳಲಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದಾಗ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದ್ದು ನಿಮಗೆಲ್ಲ ನೆನಪಿದೆ. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆಗೆಯಬೇಕೆಂದಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ತುರ್ತು ರೋಗಿಗಳನ್ನು ಬಿಡುವ ಒಪ್ಪಂದ ಆಗುವಷ್ಟರಲ್ಲಿ ಎಷ್ಟೋ ದಿನ ಕಳೆದಿದ್ದವು. ಈ ಮನೆಯ ಅಜ್ಜ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಮಂಗಳೂರಿಗೆ ಹೋಗುತ್ತಿದ್ದವರು. ಕೆಲವು ಸಲದ್ದು ತಪ್ಪಿತು, ಮತ್ತೆ ಕಾಸರಗೋಡು ಕಡೆಗೆ ಏರ್ಪಾಡಾಯಿತು. ಆ ಮಳೆಗಾಲದಲ್ಲೇ ಅವರು ತೀರಿಕೊಂಡರು. ಅದರಿಂದಲೇ ಹೋದರು ಎಂದು ಹೇಳಲು ನಾನು ವೈದ್ಯನಲ್ಲ. ಆದರೆ ಮಗನ ಮನಸ್ಸಿನಲ್ಲಿ ಆ ಮಣ್ಣಿನ ರಾಶಿ ಇನ್ನೂ ಇದೆ. ಅವರ ಹಾಳೆಯಲ್ಲಿ ‘ಆಸ್ಪತ್ರೆ’ ಎಂಬ ಪದದ ಕೆಳಗೆ ಎರಡು ಗೆರೆ ಎಳೆದಿತ್ತು.

ಬೈಬಲಿನಲ್ಲಿ ಎರಡು ಜಾಗಗಳನ್ನು ಹೋಲಿಸಿ ನೋಡಿ ಮನೆ ಬದಲಿಸಿದ ಮೊದಲ ಮನುಷ್ಯ ಬಹುಶಃ ಲೋಟನಿರಬೇಕು. ಆದಿಕಾಂಡದ 13ನೇ ಅಧ್ಯಾಯ. ಮಂದೆಗಳಿಗೆ ಜಾಗ ಸಾಲದಾದಾಗ ಅಬ್ರಾಮನು ಸೋದರಳಿಯನಿಗೆ ಮೊದಲ ಆಯ್ಕೆ ಬಿಟ್ಟುಕೊಟ್ಟ. ಲೋಟನು ಕಣ್ಣೆತ್ತಿ ನೋಡಿದ, ಜೋರ್ಡನ್ ಬಯಲು ನೀರಿನಿಂದ ತುಂಬಿ ಹಸಿರಾಗಿತ್ತು, ಅದನ್ನೇ ಆರಿಸಿದ. ನೀರು, ಹುಲ್ಲು, ರಸ್ತೆ ಎಲ್ಲ ಸರಿ ಗುರುತು. ನೆರೆಹೊರೆ ಯಾವುದು ಎಂದು ಮಾತ್ರ ಕೇಳಲಿಲ್ಲ. ಅದು ಸೊದೋಮ್. ಹೆಂಡತಿಯನ್ನು ಒಂದು ಮಾತು ಕೇಳಿದ್ದನೆಂದು ಆ ಅಧ್ಯಾಯದಲ್ಲಿ ಎಲ್ಲೂ ಇಲ್ಲ. ಬಿಟ್ಟು ಬಂದದ್ದನ್ನು ತಿರುಗಿ ನೋಡಿದವಳು ಕೊನೆಗೆ ಅವಳೇ ಎಂಬುದನ್ನು ನಾನು ಪ್ರಸಂಗದಲ್ಲಿ ಹೇಳಿದಾಗ ಹೆಂಗಸರ ಬದಿಯ ಬೆಂಚುಗಳಿಂದ ಒಂದು ಸಣ್ಣ ನಗು ಕೇಳಿಸುತ್ತದೆ.

ನಾನು ಹಾಳೆಯನ್ನು ತಿರುಗಿಸಿ ಹಿಂಬದಿಯಲ್ಲಿ ಇನ್ನೊಂದು ಲೆಕ್ಕ ಮಾಡಲು ಹೇಳಿದೆ. ವಾರಕ್ಕೆ 168 ಗಂಟೆ. ಹೊಸ ಮನೆಗೆ ಹೋದ ಮೇಲೆ ಯಾರು ಎಷ್ಟು ಗಂಟೆ ಆ ಊರಿನಲ್ಲಿ, ಎಚ್ಚರವಾಗಿ, ಇರುತ್ತಾರೆ? ಗಂಡ ದಿನಕ್ಕೆ ಹನ್ನೊಂದು ಗಂಟೆಯಂತೆ ಆರು ದಿನ ಹೊರಗೆ, ನಿದ್ದೆ ಏಳು ಗಂಟೆ. ಉಳಿದದ್ದು 53. ಹೆಂಡತಿಗೆ 65. ಮಗಳಿಗೆ ಶಾಲೆಯ 45 ಗಂಟೆ, ನಿದ್ದೆ ಒಂಬತ್ತರಂತೆ ಕಳೆದರೆ 60. ಅಜ್ಜಿ ಭಾನುವಾರದ ಪೂಜೆ, ಬುಧವಾರದ ನೊವೆನಾ ಬಿಟ್ಟರೆ ಹೊರಗೆ ಹೋಗುವವರಲ್ಲ, ಮಲಗುವುದೂ ಆರೇ ಗಂಟೆ. 123. ಗಂಡ ಹೆಂಡತಿ ಇಬ್ಬರದನ್ನು ಕೂಡಿಸಿದರೂ 118.

“ಅಮ್ಮನನ್ನು ಕೇಳಿದಿರಾ?” ಎಂದೆ.

“ಅಮ್ಮನಿಗೆ ಎಂತ ಫಾದರ್, ನಾವು ಎಲ್ಲಿಗೆ ಹೋದರೂ ಬರ್ತಾರೆ.”

ನಮ್ಮ ಮನೆಗಳಲ್ಲಿ ಇದು ಹಾಗೆಯೇ ನಡೆದು ಬಂದಿದೆ. ಕೆಲಸ ಇರುವವನ ಬಸ್ಸು, ಮಗುವಿನ ಶಾಲೆ, ಎರಡೂ ಮುಖ್ಯ, ಇಲ್ಲವೆನ್ನುವುದಿಲ್ಲ. ಆದರೆ ಊರಿನಲ್ಲಿ ನಿಜವಾಗಿ ವಾಸ ಮಾಡುವವರು ಹಗಲು ಹೊತ್ತು ಅಲ್ಲಿ ಉಳಿಯುವವರು. ಅವರ ಹೆಸರಿಗೆ ಹಾಳೆಯಲ್ಲಿ ಒಂದು ಚೌಕವೂ ಇರಲಿಲ್ಲ.

ಮೇ ತಿಂಗಳಲ್ಲಿ ಒಂದು ಸೋಮವಾರ ನನಗೂ ಬಿಷಪ್ಸ್ ಹೌಸಿನಲ್ಲಿ ಕೆಲಸವಿತ್ತು. ಅವರು ಬಾಡಿಗೆ ಕಾರು ಮಾಡಿದ್ದರು, ನಾನೂ ಹತ್ತಿದೆ. ಅಜ್ಜಿ ಮುಂದಿನ ಸೀಟಿನಲ್ಲಿ ಕೊಡೆ ಹಿಡಿದು ಕುಳಿತಿದ್ದರು. ಮೇ ತಿಂಗಳೇ ಯಾಕೆಂದರೆ, ಬಾವಿಯ ಸತ್ಯ ತಿಳಿಯುವುದು ಮೇ ತಿಂಗಳಲ್ಲಿ. ದಾರಿಯ ಸತ್ಯ ತಿಳಿಯುವುದು ಜುಲೈಯಲ್ಲಿ. ಡಿಸೆಂಬರಿನಲ್ಲಿ ನೋಡಿ ಇಷ್ಟಪಟ್ಟ ಮನೆಯನ್ನು ನಮ್ಮ ಕರಾವಳಿಯಲ್ಲಿ ಯಾರೂ ನಂಬಬಾರದು. ಡಿಸೆಂಬರಿನಲ್ಲಿ ಎಲ್ಲ ಮನೆಗಳೂ ಚೆಂದ.

ಮೊದಲು ಹೊಸಂಗಡಿ. ಹೋಲಿಕೆಯಲ್ಲಿ ಇದರ ಬಲ ಏನೆಂದರೆ ಇದು ಗಡಿಯ ಈಚೆ, ಮಂಜೇಶ್ವರ ತಾಲೂಕು. ರೇಷನ್ ಕಾರ್ಡು, ಆರೋಗ್ಯ ವಿಮೆ, ಅಜ್ಜಿಯ ಕ್ಷೇಮ ಪಿಂಚಣಿ, ಮಗಳ ಕನ್ನಡ ಶಾಲೆ ಯಾವುದನ್ನೂ ಮುಟ್ಟಬೇಕಾಗಿಲ್ಲ. ಹತ್ತಿರದ ಮಂಜೇಶ್ವರ ಸ್ಟೇಷನಿನಿಂದ ಮಂಗಳೂರು ಸೆಂಟ್ರಲಿಗೆ ಪ್ಯಾಸೆಂಜರ್ ರೈಲು, ಸೀಸನ್ ಟಿಕೆಟು ಮಾಡಿಸಿದರೆ ಬಸ್ಸಿಗಿಂತ ಎಷ್ಟೋ ಅಗ್ಗ. ಬಾಡಿಗೆಯೂ ನಾಲ್ಕರಲ್ಲಿ ಕಡಿಮೆ. ಗಂಡನಿಗೆ ಮನಸ್ಸಾಯಿತು. ಆದರೆ ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಈಗ ಆರು ಪಥ. ಕಾರಿನಲ್ಲಿ ಹೋಗುವವನಿಗೆ ಸ್ವರ್ಗ. ನಡೆಯುವವರಿಗೆ ಊರು ಎರಡು ಹೋಳು. ಅಂಡರ್‌ಪಾಸಿನ ತನಕ ಸರ್ವಿಸ್ ರಸ್ತೆಯಲ್ಲಿ ನಡೆದು, ದಾಟಿ, ಮತ್ತೆ ಅಷ್ಟೇ ದೂರ ಹಿಂದಕ್ಕೆ ಬರಬೇಕು. ಅಜ್ಜಿ ಕಾರಿನಿಂದ ಇಳಿದು ಎರಡೂ ಬದಿ ನೋಡಿ ಇಷ್ಟೇ ಹೇಳಿದರು: “ಮೀನು ಆ ಬದಿ, ಮನೆ ಈ ಬದಿ.” ಸೊಸೆ ಏನೂ ಹೇಳಲಿಲ್ಲ. ಇಲ್ಲಿಂದ ದೇರಳಕಟ್ಟೆಗೆ ಎರಡು ಬಸ್ಸು ಹಿಡಿಯಬೇಕು, ರಾತ್ರಿ ಪಾಳಿಗೆ ಅದು ಆಗುವ ಮಾತಲ್ಲ. ಮತ್ತೆ ಆಸ್ಪತ್ರೆಯ ದಾರಿಯಲ್ಲಿ ಗಡಿ ಹಾಗೆಯೇ ಉಳಿಯಿತು. ಇದ್ದಲ್ಲೇ ಉಳಿದರೂ ಹತ್ತಿರದ ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜು ಬರುತ್ತದಲ್ಲ ಎಂದು ನಾನು ಹಿಂದೊಮ್ಮೆ ಮಗನಿಗೆ ಹೇಳಿದ್ದೆ. 2013ರಲ್ಲಿ ಅದರ ಶಿಲಾನ್ಯಾಸ, 2020ರ ಏಪ್ರಿಲಿನಲ್ಲಿ ಕೋವಿಡ್ ಆಸ್ಪತ್ರೆಯಾಗಿ ಬಾಗಿಲು ತೆರೆಯಿತು, ಎಂಬಿಬಿಎಸ್ ತರಗತಿಗೆ ಅನುಮತಿ ಸಿಕ್ಕಿದ್ದು 2025ರಲ್ಲಿ. “ಅಪ್ಪನಿಗೆ ಅಷ್ಟು ಸಮಯ ಇರಲಿಲ್ಲ ಫಾದರ್” ಎಂದಿದ್ದರು ಅವರು. ನಾನು ಆ ಮಾತು ಮತ್ತೆ ಎತ್ತಲಿಲ್ಲ.

ತಲಪಾಡಿಯ ಟೋಲ್ ದಾಟಿ ಕೋಟೆಕಾರು. ಇಲ್ಲಿ ಹೆದ್ದಾರಿಯ ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಮುರಕಲ್ಲಿನ ಗುಡ್ಡ. ಒಂದೇ ಊರಿನ ಹೆಸರು ಹೇಳಿದರೂ ಎರಡು ಬದಿಯ ಬದುಕು ಬೇರೆ ಬೇರೆ. ಬ್ರೋಕರ್ ತೋರಿಸಿದ ಮನೆ ಪಶ್ಚಿಮ ಬದಿಯದ್ದು. ಅಂಗಳ ವಿಶಾಲ, ಎರಡು ತೆಂಗಿನ ಮರ, ಗಾಳಿ. ಮನೆಯವರು ನಮಗೆ ನೀರು ಕೊಟ್ಟರು. ಅಜ್ಜಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು ಕೊಂಕಣಿಯಲ್ಲಿ ಸೊಸೆಯ ಕಿವಿಯಲ್ಲಿ ಏನೋ ಹೇಳಿದರು. ಕಾರಿಗೆ ಬಂದ ಮೇಲೆ ಗೊತ್ತಾಯಿತು: “ಇಲ್ಲಿ ಗಂಜಿಗೆ ಉಪ್ಪು ಹಾಕುವ ಖರ್ಚಿಲ್ಲ.” ಸಮುದ್ರಕ್ಕೆ ಹತ್ತಿರದ ಬಾವಿಗಳಲ್ಲಿ ಬೇಸಗೆಯ ಕೊನೆಗೆ ಉಪ್ಪು ಏರುವುದು ಹೊಸತೇನಲ್ಲ, ಆದರೆ ನಾವು ಮೂವರೂ ಆ ನೀರು ಕುಡಿದು ಏನನ್ನೂ ಗಮನಿಸಿರಲಿಲ್ಲ. ಇನ್ನೂ ಪಶ್ಚಿಮಕ್ಕೆ, ಉಚ್ಚಿಲ, ಸೋಮೇಶ್ವರ, ಉಳ್ಳಾಲದ ದಂಡೆಯಲ್ಲಿ ಪ್ರತಿ ಮಳೆಗಾಲವೂ ಕಡಲ್ಕೊರೆತದ ಸುದ್ದಿ. ಅಲ್ಲಿ ಅಗ್ಗಕ್ಕೆ ಜಾಗ ಸಿಗುತ್ತದೆಂದು ಯಾರಾದರೂ ಹೇಳಿದರೆ ಜುಲೈವರೆಗೆ ಕಾಯಲು ಹೇಳಿ. ಪೂರ್ವದ ಗುಡ್ಡದಲ್ಲಿ ನೀರು ಸಿಹಿ, ಆದರೆ ಬಾವಿ ಆಳ, ಬೇಸಗೆಯಲ್ಲಿ ಎಷ್ಟು ಕೋಲು ನೀರು ಉಳಿಯುತ್ತದೆಂದು ನೆರೆಮನೆಯ ಹೆಂಗಸರನ್ನೇ ಕೇಳಬೇಕು. ಮಾಲಿಕರನ್ನು ಕೇಳಿ ಪ್ರಯೋಜನವಿಲ್ಲ.

ದೇರಳಕಟ್ಟೆ ನಾನು ಸೆಮಿನರಿಯಲ್ಲಿದ್ದಾಗಿನ ದೇರಳಕಟ್ಟೆಯಲ್ಲ. ಜೆಪ್ಪುವಿನಿಂದ ನೇತ್ರಾವತಿ ಸೇತುವೆ ದಾಟಿ ಭಾನುವಾರಗಳಲ್ಲಿ ನಾವು ಆ ಕಡೆ ಧರ್ಮೋಪದೇಶ ಕಲಿಸಲು ಹೋಗುತ್ತಿದ್ದೆವು. ಆಗಲೂ ಆಸ್ಪತ್ರೆ, ಕಾಲೇಜುಗಳಿದ್ದವು, ಆದರೆ ಅವುಗಳ ನಡುವೆ ಗುಡ್ಡ, ಗೇರುಮರ ಇತ್ತು. ಈಗ ಮೆಡಿಕಲ್ ಕಾಲೇಜುಗಳು, ಹಾಸ್ಟೆಲುಗಳು, ಪಿ.ಜಿ.ಗಳು, ರಾತ್ರಿ ಹನ್ನೆರಡರವರೆಗೆ ತೆರೆದ ಹೋಟೆಲುಗಳು. ಬ್ರೋಕರ್ ತೋರಿಸಿದ್ದು ಮೂರನೇ ಮಾಳಿಗೆಯ ಫ್ಲಾಟು. ಕಿಟಕಿಯಿಂದ ಸೊಸೆ ಕೆಲಸ ಮಾಡುವ ಆಸ್ಪತ್ರೆ ಕಾಣುತ್ತಿತ್ತು. ಆಕೆ ಆ ಕಿಟಕಿಯ ಬಳಿ ತುಂಬಾ ಹೊತ್ತು ನಿಂತರು. ಹತ್ತು ನಿಮಿಷ ನಡೆದರೆ ಡ್ಯೂಟಿ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮಗಳ ತಲೆ ಬಾಚಿ ಶಾಲೆಗೆ ಕಳಿಸಬಹುದು. ವರ್ಷಗಟ್ಟಲೆ ತಪ್ಪಿಹೋದದ್ದು ಅದು. ಮನೆಯ ಸಂಪಾದನೆಯಲ್ಲಿ ಹೆಚ್ಚಿನ ಪಾಲು ಆಕೆಯದ್ದೇ ಎಂಬುದೂ ಇಲ್ಲಿ ಹೇಳಬೇಕಾದ ಮಾತು. ನಾನು ಅಜ್ಜಿಯ ಪರ ಹಾಕಿದ ಲೆಕ್ಕದಲ್ಲಿ ಈ ಕಿಟಕಿ ಇರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಗಂಟೆ ಎಣಿಸಿದರೆ ಎಲ್ಲವೂ ಮುಗಿಯಲಿಲ್ಲ.

ಅಜ್ಜಿ ಬಾಲ್ಕನಿಯಿಂದ ಕೆಳಗೆ ನೋಡುತ್ತಿದ್ದರು. “ಇಲ್ಲಿ ಮುದುಕರು ಎಲ್ಲಿರ್ತಾರೆ?” ಎಂದು ಕೇಳಿದರು. ಬ್ರೋಕರ್ ನಕ್ಕ. ರಸ್ತೆಯಲ್ಲಿ ಕಂಡವರೆಲ್ಲ ಬಿಳಿ ಕೋಟಿನ, ಬೆನ್ನಿಗೆ ಚೀಲದ ಮಕ್ಕಳು. ಮತ್ತೆ ಕರೆಂಟು ಹೋದಾಗ ಲಿಫ್ಟಿಗೆ ಜನರೇಟರ್ ಉಂಟಾ ಎಂದು ವಿಚಾರಿಸಿದ್ದೂ ಅಜ್ಜಿಯೇ. “ಮಾಡಿಸ್ತಾರೆ” ಎಂದ ಆತ. ನಮ್ಮಲ್ಲಿ ‘ಮಾಡಿಸ್ತಾರೆ’ ಎಂದರೆ ಇಲ್ಲ ಎಂದರ್ಥ.

ಕೊನೆಗೆ ತೊಕ್ಕೊಟ್ಟು. ಫ್ಲೈಓವರ್ ಕಟ್ಟಿ ಮುಗಿಯುವುದನ್ನು ಕಾದು ಕಾದು ಒಂದು ತಲೆಮಾರು ಶಾಲೆ ಮುಗಿಸಿತು ಎಂದು ಅಲ್ಲಿಯವರು ತಮಾಷೆ ಮಾಡುತ್ತಿದ್ದರು. ಅದು ತೆರೆದದ್ದು 2019ರಲ್ಲಿ, ಪಂಪ್‌ವೆಲಿನದ್ದು 2020ರ ಜನವರಿಯಲ್ಲಿ. ಈಗಲೂ ‘ಪಂಪ್‌ವೆಲಿಗೆ ಹತ್ತು ನಿಮಿಷ’ ಎಂಬ ಫ್ಲಾಟಿನ ಜಾಹೀರಾತನ್ನು ಸಂಜೆ ಆರು ಗಂಟೆಗೆ ಸೇತುವೆಯ ಮೇಲೆ ನಿಂತು ಓದಬೇಕು. ಗದ್ದಲ, ಧೂಳು, ಹಾರ್ನು. ಗಂಡ ಮೂಗು ಮುರಿದರು. ಆದರೆ ಹಂಪನಕಟ್ಟೆಗೆ ನಿಮಿಷಕ್ಕೊಂದು ಎಂಬಂತೆ ಬಸ್ಸು, 44 ನಂಬ್ರದ್ದು ಉಳ್ಳಾಲದ ದಾರಿಯದ್ದು, 51 ದೇರಳಕಟ್ಟೆ–ಕೊಣಾಜೆ ಕಡೆಯದ್ದು. ಉಳ್ಳಾಲದ ರೈಲು ಸ್ಟೇಷನ್ ಹತ್ತಿರ. ಪೆರ್ಮನ್ನೂರು ಚರ್ಚು ಹತ್ತಿರ. ಜಂಕ್ಷನಿನಿಂದ ಒಳಗೆ ಒಂದು ಓಣಿಯಲ್ಲಿ ನೆಲದ ಮಟ್ಟದ ಹಳೆಯ ಹೆಂಚಿನ ಮನೆ ಸಿಕ್ಕಿತು. ಎರಡೇ ಕೋಣೆ, ಅಂಗಳವೆಂದು ಹೇಳಲು ಇಲ್ಲ, ಕೋಳಿ ಸಾಕುವ ಹಾಗಿಲ್ಲ. ಬಾಡಿಗೆ ಕೋಟೆಕಾರಿಗಿಂತ ಹೆಚ್ಚು. ಅಜ್ಜಿ ಮೆಟ್ಟಿಲ ಮೇಲೆ ಕುಳಿತರು, ಬೇರೆ ಮೂರು ಕಡೆ ಅವರು ಕುಳಿತಿರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯಿಂದ ಒಬ್ಬ ಹೆಂಗಸು ತಲೆ ಹೊರಗೆ ಹಾಕಿ ತುಳುವಿನಲ್ಲಿ “ಬಾಯಮ್ಮ, ಉಲಾಯಿ ಬಲೆ, ಚಾ ಪರ್ಕ” ಎಂದು ಕರೆದರು. ಒಳಗೆ ಬನ್ನಿ, ಚಾ ಕುಡಿಯುವ ಎಂದು. ಅಜ್ಜಿ ಹೋಗಿಯೇ ಬಿಟ್ಟರು. ನಾವು ಇಪ್ಪತ್ತು ನಿಮಿಷ ಹೊರಗೆ ಕಾದೆವು.

ಇಷ್ಟೆಲ್ಲ ನೋಡಿ ಹಿಂತಿರುಗುವಾಗ ಕಾರಿನಲ್ಲಿ ಕಾಗದಪತ್ರಗಳ ಮಾತು ಬಂತು. ಗಡಿ ದಾಟಿ ಮನೆ ಮಾಡುವವರು ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ, ಅದಕ್ಕಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ತಲಪಾಡಿಯಿಂದ ಆಚೆ ಹೋದರೆ ಭಾಷೆ ಅದೇ, ಊಟ ಅದೇ, ಬಿಷಪರೂ ಅವರೇ. ಕಾಸರಗೋಡಿನ ನಮ್ಮ ಚರ್ಚುಗಳು ಮಂಗಳೂರು ಧರ್ಮಪ್ರಾಂತ್ಯಕ್ಕೇ ಸೇರಿದವಲ್ಲವೇ? ಆದರೆ ಸರಕಾರ ಬೇರೆ. ಕೇರಳದ ಗುಲಾಬಿ ರೇಷನ್ ಕಾರ್ಡಿನಿಂದ ಹೆಸರು ತೆಗೆಸಿದರೆ ಕರ್ನಾಟಕದಲ್ಲಿ ಅದಕ್ಕೆ ಸಮನಾದ ಕಾರ್ಡು ಕೂಡಲೇ ಸಿಗುತ್ತದೆಂದು ಎಣಿಸಬೇಡಿ. ಆ ಕಾರ್ಡಿಗೆ ಅಂಟಿಕೊಂಡಿರುವ ಸವಲತ್ತುಗಳೂ ಹಾಗೆಯೇ. 2023ರ ಜೂನಿನಲ್ಲಿ ಆರಂಭವಾದ ಹೆಂಗಸರ ಉಚಿತ ಬಸ್ಸು ಪ್ರಯಾಣ ಕರ್ನಾಟಕದ ಸರಕಾರಿ ಬಸ್ಸುಗಳಲ್ಲಿ ಮಾತ್ರ, ಅದೂ ಅಲ್ಲಿಯ ನಿವಾಸಿಗಳಿಗೆ. ಮಂಗಳೂರಿನ ಸಿಟಿ ಬಸ್ಸುಗಳು ಹೆಚ್ಚಿನವು ಖಾಸಗಿ, ಆದ್ದರಿಂದ ತೊಕ್ಕೊಟ್ಟಿನ ಸೊಸೆಗೆ ಆ ಲಾಭ ಹಾಳೆಯಲ್ಲಿ ಬರೆದಷ್ಟು ಇರಲಿಲ್ಲ. ಕೆ.ಎಲ್. 14ರ ಸ್ಕೂಟರನ್ನು ಹನ್ನೆರಡು ತಿಂಗಳು ಮೀರಿ ಅಲ್ಲಿಟ್ಟರೆ ನೋಂದಣಿ ಬದಲಿಸಬೇಕು, ತೆರಿಗೆ ಕಟ್ಟಬೇಕು.

ಮಗಳ ವಿಷಯದಲ್ಲಿ ನಾನು ಅವರಿಗೆ ಒಂದು ಉಪಕಾರ ಮಾಡಿದೆ ಎಂದು ಹೇಳಿಕೊಳ್ಳಬಹುದು. ಕರ್ನಾಟಕದಲ್ಲಿ ವೃತ್ತಿಪರ ಕೋರ್ಸುಗಳ ಸರಕಾರಿ ಸೀಟಿಗೆ ಸಾಮಾನ್ಯ ನಿಯಮವೆಂದರೆ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಏಳು ವರ್ಷ ಅಲ್ಲಿ ಓದಿರಬೇಕು. ನಮ್ಮ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಮಕ್ಕಳಿಗೆ ‘ಗಡಿನಾಡ ಕನ್ನಡಿಗ’ ಎಂಬ ಬೇರೆ ದಾರಿ ಉಂಟು, ಅದಕ್ಕೆ ಇಲ್ಲಿ ಓದಿದ ದಾಖಲೆ ಬೇಕು, ಕನ್ನಡ ಪರೀಕ್ಷೆ ಇದೆ. ಮಾತೃಭಾಷೆಯ ಕಾಲಂನಲ್ಲಿ ಏನು ಬರೆದಿದೆ ಎಂಬುದನ್ನೂ ಮನೆಯಲ್ಲಿ ಕೊಂಕಣಿ ಆಡುವ ನಾವು ನೋಡಿಕೊಳ್ಳಬೇಕು. ಈಗ ಲೆಕ್ಕ ಮಾಡಿ. ಆರನೇ ತರಗತಿಗೆ ಅಲ್ಲಿ ಸೇರಿದರೆ ದ್ವಿತೀಯ ಪಿಯುಸಿ ಮುಗಿಯುವಾಗ ಸರಿಯಾಗಿ ಏಳು ವರ್ಷ. “ಇನ್ನೊಂದು ವರ್ಷ ನೋಡಿ ಹೋಗುವ” ಎಂದು ಏಳನೇ ತರಗತಿಗೆ ಸೇರಿಸಿದರೆ ಆರೇ ವರ್ಷ. ಅಲ್ಲಿಯ ನಿಯಮಕ್ಕೂ ಸಾಲದು, ಇಲ್ಲಿಯ ದಾಖಲೆಯೂ ಅರ್ಧಕ್ಕೆ ನಿಂತದ್ದು. ಬೇರೆ ವಿನಾಯಿತಿಗಳೂ ಇರುತ್ತವೆ, ಹಾಗಾಗಿ ಆಯಾ ವರ್ಷದ ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಕವನ್ನು ಓದಿಯೇ ನಿರ್ಧರಿಸಿ. ಅವರ ಹಾಳೆಯಲ್ಲಿ ಶಾಲೆಗಳ ಹೆಸರು, ಫೀಸು ಎಲ್ಲ ಇತ್ತು, ಯಾವ ವರ್ಷ ಹೋಗಬೇಕು ಎಂಬುದೇ ಇರಲಿಲ್ಲ.

ಕಾರು ತಲಪಾಡಿ ದಾಟುತ್ತಿತ್ತು. ಮಗ ಹೊರಗೆ ನೋಡುತ್ತಿದ್ದರು. ಅಲ್ಲಿವರೆಗೆ ಸುಮ್ಮನಿದ್ದ ಅಜ್ಜಿ ಮುಂದಿನ ಸೀಟಿನಿಂದ, ಹಿಂದೆ ತಿರುಗದೆ, ಹೇಳಿದರು:

“ಬೆಳಿಗ್ಗೆಯಿಂದ ಎಷ್ಟೆಲ್ಲ ನೋಡಿದಿರಿ. ನನ್ನನ್ನು ಎಲ್ಲಿ ಇಡ್ತೀರಿ ಅಂತ ಒಬ್ಬರೂ ಹೇಳಲಿಲ್ಲ.”

“ಒಳಗಿನ ಕೋಣೆ ನಿಮಗೇ ಮಾಯ್” ಎಂದರು ಮಗ.

“ಕೋಣೆ ಅಲ್ಲ.”

ಕುಂಜತ್ತೂರು ಕಳೆಯುವವರೆಗೆ ಯಾರೂ ಮಾತಾಡಲಿಲ್ಲ. 2020ರಲ್ಲಿ ಅಜ್ಜನ ಅಂತ್ಯಕ್ರಿಯೆಗೆ ಕೊರೊನಾ ನಿಯಮದಿಂದಾಗಿ ನಾವು ಬೆರಳೆಣಿಕೆಯ ಜನ ಇದ್ದದ್ದು. ಆಗ ಅಜ್ಜಿ ಮನೆಯ ಸಮಾಧಿಯ ಪಕ್ಕದ ಜಾಗಕ್ಕೆ ಕೊಡೆಯ ತುದಿಯಿಂದ ತೋರಿಸಿ ನನಗೆ ಏನೋ ಹೇಳಿದ್ದರು, ಮಾಸ್ಕಿನ ಒಳಗಿನಿಂದ ನನಗೆ ಸರಿಯಾಗಿ ಕೇಳಿಸಿರಲಿಲ್ಲ. ಕೇಳಿಸದಿದ್ದರೂ ತಲೆಯಾಡಿಸಿದ್ದೆ. ಐದು ವರ್ಷದ ಮೇಲೆ ಕಾರಿನಲ್ಲಿ ಅರ್ಥವಾಯಿತು.

ಇದರ ಬಗ್ಗೆ ಧರ್ಮಸಭೆಯ ಕಾನೂನು ಏನು ಹೇಳುತ್ತದೆಂದು ಹಲವರಿಗೆ ಗೊತ್ತಿಲ್ಲ. ಧರ್ಮಕೇಂದ್ರ ಎಂಬುದು ಸಾಮಾನ್ಯವಾಗಿ ಜಾಗಕ್ಕೆ ಸಂಬಂಧಿಸಿದ್ದು, ನೀವು ಎಲ್ಲಿ ವಾಸಿಸುತ್ತೀರೋ ಅಲ್ಲಿಯ ಧರ್ಮಕೇಂದ್ರಕ್ಕೆ ಸೇರುತ್ತೀರಿ. ಅಲ್ಲೇ ಖಾಯಂ ಇರುವ ಉದ್ದೇಶದಿಂದ ಹೋದರೆ ಹೋದ ದಿನದಿಂದಲೇ ಅದು ನಿಮ್ಮ ಕೇಂದ್ರ. ಅಂಥ ಉದ್ದೇಶ ಇಲ್ಲದೆಯೂ ಪೂರ್ತಿ ಐದು ವರ್ಷ ಉಳಿದರೆ ಹಾಗೆಯೇ ಆಗುತ್ತದೆ. ಮೂರು ತಿಂಗಳ ವಾಸದಿಂದ ತಾತ್ಕಾಲಿಕ ನೆಲೆಯೂ ಸಿಗುತ್ತದೆ. ಆದ್ದರಿಂದ ಹೊಸ ಊರಿಗೆ ಹೋದವರು ಅಲ್ಲಿಯ ವಿಗಾರರನ್ನು, ವಾರ್ಡಿನ ಗುರ್ಕಾರರನ್ನು ಮೊದಲ ತಿಂಗಳಲ್ಲೇ ಕಾಣಬೇಕು. ಮಗಳ ಮದುವೆ ನಿಶ್ಚಯವಾದ ಮೇಲೆ ಹೋಗಿ “ನಾವು ಹತ್ತು ವರ್ಷದಿಂದ ಇಲ್ಲೇ ಇದ್ದೇವೆ” ಎನ್ನುವವರನ್ನು ಕಂಡಾಗ ಆ ಗುರುಗಳಿಗೆ ಆಗುವ ಸಂಕಟ ನನಗೆ ಗೊತ್ತು. ಆದರೆ ಸಮಾಧಿಯ ವಿಷಯ ಬೇರೆ. ಕಾನೂನು ಬೇರೆ ರೀತಿ ತಡೆಯದ ಹೊರತು ತನ್ನನ್ನು ಎಲ್ಲಿ ಮಣ್ಣು ಮಾಡಬೇಕೆಂದು ಆರಿಸಿಕೊಳ್ಳಲು ಪ್ರತಿಯೊಬ್ಬ ವಿಶ್ವಾಸಿಗೂ ಸ್ವಾತಂತ್ರ್ಯವಿದೆ. ಅಂತ್ಯಕ್ರಿಯೆಯ ಪೂಜೆಗೂ ಬೇರೆ ಚರ್ಚನ್ನು ಆರಿಸಬಹುದು, ಅಲ್ಲಿಯ ಗುರುವಿನ ಒಪ್ಪಿಗೆ ಬೇಕು, ತನ್ನ ಧರ್ಮಕೇಂದ್ರದ ಗುರುವಿಗೆ ತಿಳಿಸಿರಬೇಕು. 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಇದು ಸ್ಪಷ್ಟವಾಗಿದೆ.

ನಾನು ಇದನ್ನೆಲ್ಲ ಅಲ್ಲೇ ಹೇಳಿದೆ. ಅಜ್ಜಿ ಕೇಳಿಸಿಕೊಂಡು, “ಬಾಯಿ ಮಾತಲ್ಲಿ ಬೇಡ ಫಾದರ್. ಬರೆದಿಡಿ” ಎಂದರು. ಮರುದಿನ ಬೆಳಗಿನ ಪೂಜೆಯ ನಂತರ ಆಫೀಸಿಗೆ ಬಂದು ಬರೆಸಿ, ಹೆಬ್ಬೆಟ್ಟಲ್ಲ, ಪೂರ್ತಿ ಹೆಸರಿನ ಸಹಿ ಹಾಕಿದರು. ಒಂದು ಪ್ರತಿ ನಮ್ಮ ಫೈಲಿನಲ್ಲಿ, ಒಂದು ಮಗನ ಕೈಯಲ್ಲಿ, ಒಂದು ತಮ್ಮ ಪ್ರಾರ್ಥನೆ ಪುಸ್ತಕದ ಒಳಗೆ. ಅದಾದ ಮೇಲೆ ಅವರು ಮನೆ ಬದಲಿಸುವುದಕ್ಕೆ ಒಂದು ಆಕ್ಷೇಪವನ್ನೂ ಎತ್ತಲಿಲ್ಲ. ಕೋಳಿಗಳನ್ನು ಯಾರಿಗೆ ಕೊಡುವುದೆಂಬ ಚರ್ಚೆ ಮಾತ್ರ ಒಂದು ವಾರ ನಡೆಯಿತು.

ಜೂನಿನಲ್ಲಿ ಅವರು ತೊಕ್ಕೊಟ್ಟಿನ ಆ ಹೆಂಚಿನ ಮನೆಗೆ ಹೋದರು. ಹನ್ನೊಂದು ತಿಂಗಳ ಕರಾರು. ತೋಟ ಮಾರಲಿಲ್ಲ, ಒಂದು ಮಳೆಗಾಲ, ಒಂದು ಬೇಸಗೆ ಬಾಡಿಗೆಯಲ್ಲಿದ್ದು ನೋಡುವವರೆಗೆ ಮಾರಬೇಡಿ ಎಂದು ನಾನೇ ಹೇಳಿದ್ದೆ. ಎಲ್ಲವೂ ಸುಖವಾಯಿತು ಎಂದರೆ ಸುಳ್ಳಾಗುತ್ತದೆ. ಬಾಡಿಗೆ ಕೊಟ್ಟು ಉಳಿತಾಯ ಅಷ್ಟಕ್ಕಷ್ಟೆ. ಮೊದಲ ಮಳೆಗೆ ಅಡುಗೆ ಕೋಣೆಯ ಹೆಂಚು ಸೋರಿತು. ಮಗಳಿಗೆ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಗಣಿತ ಕಷ್ಟವಾಗಿ ಟ್ಯೂಷನ್ ಬೇಕಾಯಿತು. ಸೊಸೆಗೆ ಆ ಕಿಟಕಿ ಸಿಗಲಿಲ್ಲ, ಆದರೆ ರಾತ್ರಿ ಪಾಳಿಗೆ ಗಂಡ ಸ್ಕೂಟರಿನಲ್ಲಿ ಬಿಟ್ಟು ಬರುತ್ತಾರೆ, ಬೆಳಿಗ್ಗೆ 51ರಲ್ಲಿ ಹಿಂತಿರುಗಿದರೆ ಮಗಳು ಇನ್ನೂ ಮನೆಯಲ್ಲೇ ಇರುತ್ತಾಳೆ. ಅಜ್ಜಿ ಬೆಳಗಿನ ಪೂಜೆಗೆ ದಿನಾ ಹೋಗುತ್ತಾರಂತೆ, ಇಲ್ಲಿದ್ದಾಗ ಭಾನುವಾರ ಮಾತ್ರ ಬರುತ್ತಿದ್ದವರು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ನವೆಂಬರ್ 2, ಮೃತರ ದಿನ, ಅವರು ಮೊಮ್ಮಗಳ ಕೈ ಹಿಡಿದು ಎರಡು ಬಸ್ಸು ಬದಲಿಸಿ ಇಲ್ಲಿಗೆ ಬಂದರು. ಸಮಾಧಿಗಳ ಆಶೀರ್ವಾದ ಮುಗಿದು ಜನ ಚದುರಿದ ಮೇಲೂ ಅಜ್ಜನ ಸಮಾಧಿಯ ಬಳಿ ನಿಂತಿದ್ದರು. ಮೇಣದ ಬತ್ತಿ ಹಚ್ಚಿ, ಗಾಳಿಗೆ ಆರದಂತೆ ಅರ್ಧ ತೆಂಗಿನ ಚಿಪ್ಪು ಮರೆ ಇಟ್ಟರು. ಆಮೇಲೆ ಕೊಡೆ ಮಡಚಿ ಪಕ್ಕದ ಜಾಗವನ್ನು ಅದರಿಂದ ಅಳೆದರು, ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ.

“ಸಾಕು” ಎಂದರು. ನನ್ನ ಕಡೆ ತಿರುಗಿ, “ಕುಂಬಳೆಗೆ ಬಸ್ಸು ಎಷ್ಟು ಗಂಟೆಗೆ ಫಾದರ್? ಅಲ್ಲಿ ನೆರೆಮನೆಯವಳು ಮೀನು ತೆಗೆದಿಡ್ತೇನೆ ಅಂತ ಹೇಳಿದ್ದಾಳೆ.”